ಕಾಲು ಉಳುಕಿದ ದಿನವನ್ನು ಬರೆದಿಡಿರಿ

“ಏನೂ ಇಲ್ಲ, ಕಾಲು ಉಳುಕಿದೆ, ಅಷ್ಟೇ.” ಮಳೆಗಾಲ ಹಿಡಿಯಿತೆಂದರೆ ತೋಟದ ಲೈನುಗಳಲ್ಲಿ ಈ ಮಾತು ಕೇಳಿಬರದ ವಾರವಿಲ್ಲ. ಎಲೆ ಕೀಳಲು ಹೋದ ತಾಯಿ ಹೇಳುತ್ತಾಳೆ, ಗೊಬ್ಬರದ ಮೂಟೆ ಹೊತ್ತ ತಮ್ಮ ಹೇಳುತ್ತಾನೆ, ಡಿಸ್ಪೆನ್ಸರಿಯ ಕಾಂಪೌಂಡರೂ ಅದನ್ನೇ ಹೇಳಿ ನಾಲ್ಕು ಮಾತ್ರೆ ಕೊಟ್ಟು ಕಳುಹಿಸುತ್ತಾರೆ. ಆ ಮಾತಿನ ತುದಿಯಲ್ಲಿರುವ “ಅಷ್ಟೇ” ಎಂಬ ಪದದ ಮೇಲೆಯೇ ನಮ್ಮ ತಕರಾರು.

ಇದೇ ಲೈನುಗಳಲ್ಲಿ ಇನ್ನೊಂದು ಮಾತೂ ಉಂಟು. ಐವತ್ತು ದಾಟಿದವರು ಬೆಳಿಗ್ಗೆ ಗೋಡೆ ಹಿಡಿದು ಎದ್ದು, ಹತ್ತು ಹೆಜ್ಜೆ ಕುಂಟಿ, “ವಯಸ್ಸಾಯಿತಲ್ಲ, ವಾಯು ಹಿಡಿದಿದೆ” ಎನ್ನುತ್ತಾರೆ. ಈ ಎರಡು ಮಾತುಗಳ ನಡುವೆ ಇಪ್ಪತ್ತು ಮೂವತ್ತು ವರುಷಗಳ ಅಂತರವಿರುವುದರಿಂದ ಒಂದಕ್ಕೊಂದು ನಂಟಿದೆಯೆಂದು ಯಾರಿಗೂ ಹೊಳೆಯುವುದಿಲ್ಲ. ಆದರೆ ನಂಟಿದೆ. ಉಳುಕು ಎಂಬುದು ಗಾಯ. ಆ ಗಾಯ ಸರಿಯಾಗಿ ಮಾಯದೆ ಮತ್ತೆ ಮತ್ತೆ ಮರುಕಳಿಸಿದರೆ ಕಾಲಿನ ಕೀಲು ಸವೆದುಹೋಗುವ ಅಪಾಯ ಹೆಚ್ಚುತ್ತದೆ. ಗಾಯವಾದದ್ದು ತೋಟದ ಕೆಲಸದಲ್ಲಿ. ಸವೆದ ಕೀಲಿನ ಖರ್ಚು ಮಾತ್ರ ಕೂಲಿಯ ಮನೆಯದು. ಈ ಲೆಕ್ಕ ಸರಿಯಲ್ಲವೆಂಬುದು ನಮ್ಮ ಅಭಿಪ್ರಾಯ. ಅದನ್ನು ಸರಿಪಡಿಸಲು ಬೇಕಾದ ಮೊದಲ ಹೆಜ್ಜೆ ಬಹಳ ಸಣ್ಣದು: ಉಳುಕಿದ ದಿನವೇ ಅದನ್ನು ಬರೆಯಿಸಬೇಕು, ಮತ್ತು ಮಾಯುವ ತನಕ ಕಾಲಿಗೆ ಅವಕಾಶ ಕೊಡಬೇಕು.

ಉಳುಕಿದಾಗ ಒಳಗೆ ಏನಾಗುತ್ತದೆ?

ನಮ್ಮ ಕಾಲಿನ ಹರಡು, ಅಂದರೆ ಗಿಣ್ಣಿನ ಕೀಲು, ಬಡಗಿಯ ಕೆಲಸದಂತಿದೆ. ಮೊಣಕಾಲಿನಿಂದ ಇಳಿದುಬರುವ ಎರಡು ಮೂಳೆಗಳ ತುದಿಗಳು ಸೇರಿ ಒಂದು ಚೌಕಟ್ಟಾಗುತ್ತವೆ. ಒಳಮಗ್ಗುಲಿನಲ್ಲೂ ಹೊರಮಗ್ಗುಲಿನಲ್ಲೂ ನಮ್ಮ ಕೈಗೆ ಸಿಗುವ ಗುಬುಟುಗಳೇ ಆ ಚೌಕಟ್ಟಿನ ಎರಡು ತೋಳುಗಳು. ಅದರೊಳಗೆ ಪಾದದ ಮೇಲಿನ ಮೂಳೆ ಕೂತಿರುತ್ತದೆ. ಬರಿಯ ಮೂಳೆಗಳಾದರೆ ಅದು ಅಲುಗಾಡೀತು. ಆದ್ದರಿಂದ ಗಟ್ಟಿಯಾದ ನಾರಿನ ಪಟ್ಟಿಗಳು ಮೂಳೆಯನ್ನು ಮೂಳೆಗೆ ಬಿಗಿದಿವೆ. ಡಾಕ್ಟರರು ಲಿಗಮೆಂಟ್ ಎಂದು ಹೇಳುವುದು ಇವನ್ನೇ. ನಾವು ಕಟ್ಟುನಾರು ಎನ್ನೋಣ. ಹೊರಮಗ್ಗುಲಿನಲ್ಲಿ ಇಂಥವು ಮೂರು. ಒಳಮಗ್ಗುಲಿನಲ್ಲಿ ಅಗಲವಾದ, ಹೆಚ್ಚು ಬಲವಾದ ಒಂದು ಪಟ್ಟಿ.

ಪಾದ ಒಳಕ್ಕೆ ಮಗುಚಿದಾಗ ಇಡೀ ಮೈಯ ಭಾರ ಹೊರಮಗ್ಗುಲಿನ ನಾರುಗಳ ಮೇಲೆ ಬೀಳುತ್ತದೆ. ಮೊದಲು ಹರಿಯುವುದು ಮುಂಭಾಗದ ನಾರು, ಪೆಟ್ಟು ಜೋರಾಗಿದ್ದರೆ ಅದರ ಹಿಂದಿನದು. ಕೆಲವೊಮ್ಮೆ ನಾರು ಬರಿದೇ ಎಳೆದುಹೋಗುತ್ತದೆ, ಕೆಲವೊಮ್ಮೆ ಅರ್ಧ ಹರಿಯುತ್ತದೆ, ಕೆಲವೊಮ್ಮೆ ಪೂರ್ತಿ ತುಂಡಾಗುತ್ತದೆ. ಬಾವು ಬರುವುದು, ಎರಡನೆಯ ದಿನ ಹೊರಮಗ್ಗುಲಿನಲ್ಲಿ ನೀಲಿಗಟ್ಟುವುದು ಒಳಗೆ ರಕ್ತ ಸೋರಿದ್ದರ ಗುರುತು. ಇದಕ್ಕೆ ನರ ಹೊರಳಿದೆ, ನರ ಏರಿದೆ ಎಂದು ಹೆಸರಿಡುವ ರೂಢಿಯಿದೆ. ಹೊರಳಿದ್ದನ್ನು ತಿರುಗಿ ಹೊರಳಿಸಬಹುದು. ಹರಿದದ್ದನ್ನು ತಿಕ್ಕಿ ಸರಿಮಾಡಲಾಗದು. ಅದು ಕೂಡಿಕೊಳ್ಳಬೇಕು. ಅದಕ್ಕೆ ವಾರಗಳು ಬೇಕು, ದೊಡ್ಡ ಗಾಯಕ್ಕೆ ತಿಂಗಳುಗಳೇ ಬೇಕು.

ತೋಟದ ಕೆಲಸಕ್ಕೂ ಈ ಗಾಯಕ್ಕೂ ಇರುವ ಸಂಬಂಧ

ಬಯಲುಸೀಮೆಯ ಹೊಲದಲ್ಲಿ ನಡೆಯುವುದು ಬೇರೆ, ನೀಲಗಿರಿಯ ಅಥವಾ ವಯನಾಡಿನ ಗುಡ್ಡದ ಓರೆಯಲ್ಲಿ ನಡೆಯುವುದು ಬೇರೆ. ಚಹಾಗಿಡಗಳ ಸಾಲಿನ ನಡುವೆ ಓರೆಗೆ ಅಡ್ಡಲಾಗಿ ನಿಂತು ನೋಡಿರಿ. ಗುಡ್ಡದ ಮೇಲುಭಾಗದಲ್ಲಿರುವ ಪಾದ ಹೊರಕ್ಕೆ ಓರೆಯಾಗುತ್ತದೆ. ಕೆಳಭಾಗದಲ್ಲಿರುವ ಪಾದ ಒಳಕ್ಕೆ ಓರೆಯಾಗುತ್ತದೆ. ಅಂದರೆ ಉಳುಕಲು ಬೇಕಾದ ಭಂಗಿಯಲ್ಲೇ ಕೆಳಗಿನ ಪಾದ ದಿನವಿಡೀ ನಿಂತಿರುತ್ತದೆ. ಅದರ ಮೇಲೆ ಪಾಚಿ ಹಿಡಿದ ಒಂದು ಕಲ್ಲು ಸಾಕು, ಸೊಪ್ಪಿನಡಿಯಲ್ಲಿ ಮರೆಯಾದ ಒಂದು ಚರಂಡಿ ಸಾಕು, ಕತ್ತರಿಸಿಬಿಟ್ಟ ಒಂದು ಬೇರುಗೊದ್ದಲೆ ಸಾಕು.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಪಾದದ ಮೇಲಿನ ಮೂಳೆ ಮುಂಭಾಗದಲ್ಲಿ ಅಗಲ, ಹಿಂಭಾಗದಲ್ಲಿ ಕಿರಿದು. ನಾವು ಏರು ಹತ್ತುವಾಗ ಪಾದದ ಮುಂಭಾಗ ಮೇಲೆ ಬಂದು, ಅಗಲವಾದ ಭಾಗ ಚೌಕಟ್ಟಿನಲ್ಲಿ ಬಿಗಿಯಾಗಿ ಕೂರುತ್ತದೆ. ಇಳಿಜಾರಿನಲ್ಲಿ ಕಾಲ್ಬೆರಳು ಕೆಳಗೆ ಚಾಚಿ ಹೆಜ್ಜೆ ಹುಡುಕುವಾಗ ಕಿರಿದಾದ ಭಾಗ ಚೌಕಟ್ಟಿಗೆ ಬಂದು ಕೀಲು ಸಡಿಲವಾಗಿರುತ್ತದೆ. ಎಲೆಯ ಚೀಲವನ್ನು ಬೆನ್ನಿಗೆ ಹಾಕಿಕೊಂಡು, ತೂಕಕ್ಕೆ ತಡವಾಯಿತೆಂದು ಅವಸರದಿಂದ ಇಳಿಯುವ ಹೊತ್ತಿನಲ್ಲಿ ಕಾಲು ಮಗುಚುವುದಕ್ಕೆ ಇದೂ ಒಂದು ಕಾರಣ. ಹೊತ್ತ ಭಾರದಿಂದ ಕಣ್ಣಿಗೆ ಹಾದಿ ಸರಿಯಾಗಿ ಕಾಣುವುದಿಲ್ಲ. ಸಂಜೆಯ ಹೊತ್ತಿಗೆ ಕಾಲಿನ ಸ್ನಾಯುಗಳೂ ದಣಿದಿರುತ್ತವೆ. ಆದ್ದರಿಂದ “ನೋಡಿ ನಡೆಯಬಾರದೇ?” ಎಂದು ಬಿದ್ದವಳನ್ನೇ ಗದರಿಸುವುದು ನ್ಯಾಯವಲ್ಲ. ದಾರಿ, ಭಾರ, ಅವಸರ, ಪಾದರಕ್ಷೆ ಇವೆಲ್ಲ ಸೇರಿ ಆಗುವ ಅಪಘಾತವಿದು. ಅಪಘಾತವೆಂದೇ ಅದನ್ನು ಕರೆಯಬೇಕು.

ಉಳುಕಿನಿಂದ ಸಂಧಿವಾತ ಹೇಗೆ?

ಕೀಲಿನೊಳಗೆ ಮೂಳೆಗಳ ಮುಖಕ್ಕೆ ಗಾಜಿನಂತೆ ನುಣುಪಾದ ಮೆದುಮೂಳೆಯ ಹೊದಿಕೆಯಿದೆ. ಹರಡಿನಲ್ಲಿ ಅದರ ದಪ್ಪ ಒಂದೆರಡು ಮಿಲಿಮೀಟರಿಗಿಂತ ಹೆಚ್ಚಿಲ್ಲ. ಅದಕ್ಕೆ ರಕ್ತನಾಳವಿಲ್ಲ, ನೋವು ತಿಳಿಸುವ ನರವೂ ಇಲ್ಲ. ರಕ್ತವಿಲ್ಲದ್ದರಿಂದ ಒಮ್ಮೆ ಕಿತ್ತುಹೋದರೆ ಚರ್ಮದಂತೆ ಮತ್ತೆ ಬೆಳೆಯುವುದಿಲ್ಲ. ನರವಿಲ್ಲದ್ದರಿಂದ ಅದು ಸವೆಯುತ್ತಿರುವಾಗ ನಮಗೆ ತಿಳಿಯುವುದಿಲ್ಲ. ಸವೆತ ಮೂಳೆಯ ತನಕ ತಲುಪಿ, ಕೀಲಿನ ಸುತ್ತಲ ಪೊರೆ ಊದಿಕೊಂಡಾಗ ಮಾತ್ರ ನೋವಾಗಿ ತಿಳಿಯುತ್ತದೆ. ಅಷ್ಟರಲ್ಲಿ ಬಹಳ ನಷ್ಟವಾಗಿರುತ್ತದೆ.

ಈ ಹೊದಿಕೆ ಕೆಡುವುದು ಎರಡು ದಾರಿಯಲ್ಲಿ. ಮೊದಲನೆಯದು, ಕಾಲು ಮಗುಚಿದ ಕ್ಷಣದಲ್ಲೇ ಮೂಳೆಗೆ ಮೂಳೆ ಬಡಿದು ಅದು ಜಜ್ಜಿಹೋಗುವುದು. ಎರಡನೆಯದು ನಿಧಾನದ ದಾರಿ. ಕಟ್ಟುನಾರು ಸಡಿಲವಾಗಿ ಕೂಡಿಕೊಂಡರೆ ಪಾದದ ಮೂಳೆ ಚೌಕಟ್ಟಿನಲ್ಲಿ ತನ್ನ ಜಾಗದಲ್ಲಿ ನಿಲ್ಲದೆ ಪ್ರತಿ ಹೆಜ್ಜೆಗೂ ಕೊಂಚ ಜಾರುತ್ತದೆ. ಆ ಕೊಂಚವೇ ದೊಡ್ಡದು. ಅಮೆರಿಕದ ರ‍್ಯಾಮ್ಸೆ ಮತ್ತು ಹ್ಯಾಮಿಲ್ಟನ್ ಎಂಬ ವೈದ್ಯರು 1976ರಲ್ಲಿ ಶವಗಳ ಕಾಲಿನ ಮೇಲೆ ಪರೀಕ್ಷಿಸಿ, ಆ ಮೂಳೆ ಒಂದೇ ಒಂದು ಮಿಲಿಮೀಟರು ಹೊರಕ್ಕೆ ಸರಿದರೆ ಕೀಲಿನ ಮುಖಗಳು ಒಂದಕ್ಕೊಂದು ತಾಗುವ ಜಾಗ ನೂರಕ್ಕೆ 42ರಷ್ಟು ಕಡಿಮೆಯಾಗುತ್ತದೆಂದು ತೋರಿಸಿದರು. ಭಾರ ಅಷ್ಟೇ ಇದೆ, ಅದನ್ನು ಹೊರುವ ಜಾಗ ಮಾತ್ರ ಅರ್ಧದ ಹತ್ತಿರಕ್ಕೆ ಇಳಿದಿದೆ. ಅಚ್ಚಿನಲ್ಲಿ ಓರೆಯಾಗಿ ಕೂತ ಗಾಡಿಯ ಚಕ್ರ ಒಂದೇ ಮಗ್ಗುಲಲ್ಲಿ ಸವೆಯುವಂತೆ ಕೀಲೂ ಸವೆಯುತ್ತದೆ.

ನಾರು ಹರಿದಾಗ ಅದರೊಳಗಿನ ಸಣ್ಣ ನರಗಳಿಗೂ ಪೆಟ್ಟಾಗುತ್ತದೆ. ಪಾದ ಎಷ್ಟು ಓರೆಯಾಗಿದೆ ಎಂಬ ಸುದ್ದಿಯನ್ನು ಕಣ್ಣಿನ ನೆರವಿಲ್ಲದೆ ಮಿದುಳಿಗೆ ಮುಟ್ಟಿಸುವವು ಅವೇ. ಸುದ್ದಿ ತಡವಾದರೆ ಸ್ನಾಯುಗಳು ಪಾದವನ್ನು ಹಿಡಿಯುವುದೂ ತಡವಾಗುತ್ತದೆ. ಒಮ್ಮೆ ಉಳುಕಿದ ಕಾಲು ಸಮನಾದ ನೆಲದಲ್ಲೂ ಮತ್ತೆ ಮಗುಚುವುದಕ್ಕೆ ಇದು ಕಾರಣವಿರಬೇಕೆಂದು ಬ್ರಿಟನ್ನಿನ ಡಾಕ್ಟರ್ ಫ್ರೀಮನ್ 1965ರಲ್ಲೇ ವಾದಿಸಿದ್ದರು. ಈ ತೊಂದರೆಗೆ ವ್ಯಾಯಾಮವೇ ಮದ್ದೆಂದು ಅವರು ತೋರಿಸಿದ್ದು ಇಂದಿಗೂ ನಿಂತಿದೆ.

ಮೊಣಕಾಲು, ಸೊಂಟದ ಕೀಲುಗಳು ಬಹುಪಾಲು ವಯಸ್ಸಿನಿಂದ, ತೂಕದಿಂದ, ವಂಶದಿಂದ ಸವೆಯುತ್ತವೆ. ಹರಡಿನ ಕಥೆ ಬೇರೆ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ವೈದ್ಯರು ಹರಡು ಪೂರ್ತಿ ಸವೆದ 639 ಪ್ರಕರಣಗಳನ್ನು ಪರಿಶೀಲಿಸಿ 2005ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ನೂರಕ್ಕೆ 70ರಷ್ಟು ಹಳೆಯ ಪೆಟ್ಟಿನಿಂದ ಬಂದವು. ಅವುಗಳಲ್ಲಿ ಮೂಳೆ ಮುರಿತದ ಪಾಲು ಹೆಚ್ಚು. ಮೂಳೆ ಮುರಿಯದೆ ಮತ್ತೆ ಮತ್ತೆ ಉಳುಕಿ ಕೆಟ್ಟವೂ ಗಣನೀಯವಾಗಿದ್ದವು. ಸ್ವಿಟ್ಜರ್ಲೆಂಡಿನ ವೈದ್ಯರು ಕಟ್ಟುನಾರಿನ ಗಾಯದಿಂದಲೇ ಕೀಲು ಸವೆದ 30 ರೋಗಿಗಳನ್ನು ಕುರಿತು 2006ರಲ್ಲಿ ಬರೆದರು. ಮೊದಲ ಗಾಯಕ್ಕೂ ಕೊನೆಯ ಹಂತದ ಸಂಧಿವಾತಕ್ಕೂ ನಡುವೆ ಕಳೆದ ಕಾಲ ಸರಾಸರಿ 34 ವರುಷ. ಇಪ್ಪತ್ತರ ಹರೆಯದಲ್ಲಿ ಬಿದ್ದ ಹುಡುಗಿಗೆ ಆ ಲೆಕ್ಕದಲ್ಲಿ ಐವತ್ತನಾಲ್ಕಾಗುತ್ತದೆ. ನಿವೃತ್ತಿಯ ಹೊಸ್ತಿಲಲ್ಲಿ, ಲೈನುಮನೆ ಬಿಡುವ ಚಿಂತೆಯ ನಡುವೆ, ಕಾಲೂ ಕೈಕೊಡುತ್ತದೆ.

ಇಷ್ಟು ಓದಿ ಯಾರೂ ಹೆದರಬೇಕಾಗಿಲ್ಲ. ಉಳುಕಿದ ಕಾಲುಗಳಲ್ಲಿ ಹೆಚ್ಚಿನವು ಮಾಯುತ್ತವೆ. ಪ್ರತಿ ಉಳುಕೂ ಸಂಧಿವಾತವಾಗುವುದಿಲ್ಲ. ಸಡಿಲವಾಗಿ ಉಳಿದು ಮರಳಿ ಮರಳಿ ಮಗುಚುವ ಕಾಲಿಗೇ ಅಪಾಯ ಹೆಚ್ಚು. ಆ ಮರುಕಳಿಕೆಯನ್ನು ಬಹುಮಟ್ಟಿಗೆ ತಡೆಯಬಹುದು. ತಡೆಯಬಹುದಾದದ್ದನ್ನು ತಡೆಯದಿರುವುದೇ ನಮ್ಮನ್ನು ನೋಯಿಸುವ ಸಂಗತಿ.

ಮೊದಲ ದಿನಗಳಲ್ಲಿ ಮಾಡಬೇಕಾದದ್ದು

ಮೂಳೆ ಮುರಿದಿದೆಯೋ ಇಲ್ಲವೋ ಎಂಬುದು ಮೊದಲ ಪ್ರಶ್ನೆ. ಕೆನಡಾ ದೇಶದ ಒಟ್ಟಾವಾ ನಗರದ ವೈದ್ಯರು 1992ರಲ್ಲಿ ಇದಕ್ಕೆ ಒಂದು ಸುಲಭ ನಿಯಮ ಕೊಟ್ಟರು. ಇಂದು ಜಗತ್ತಿನೆಲ್ಲೆಡೆ ಅದನ್ನು ಬಳಸುತ್ತಾರೆ. ಎರಡು ಗುಬುಟುಗಳಲ್ಲಿ ಯಾವುದರ ತುದಿಯನ್ನಾಗಲಿ, ಅದರ ಹಿಂದಿನ ಅಂಚನ್ನಾಗಲಿ ಒತ್ತಿದಾಗ ಮೂಳೆಯಲ್ಲೇ ನೋವಿದ್ದರೆ ಎಕ್ಸ್‌ರೇ ಬೇಕು. ಬಿದ್ದ ಕೂಡಲೇ ನಾಲ್ಕು ಹೆಜ್ಜೆ ನಡೆಯಲಾಗದೆ, ಡಾಕ್ಟರರ ಮುಂದೆಯೂ ನಾಲ್ಕು ಹೆಜ್ಜೆ ಇಡಲಾಗದಿದ್ದರೆ ಆಗಲೂ ಎಕ್ಸ್‌ರೇ ಬೇಕು. ಪಾದದ ಹೊರ ಅಂಚಿನ ನಡುವೆ ಉಬ್ಬಿರುವ ಮೂಳೆಯನ್ನೋ, ಒಳಮಗ್ಗುಲಿನಲ್ಲಿ ಗುಬುಟಿನ ಮುಂದಿರುವ ಮೂಳೆಯನ್ನೋ ಒತ್ತಿದಾಗ ನೋವಿದ್ದರೂ ಹಾಗೆಯೇ. ಪಾದ ಸೊಟ್ಟಗಿದ್ದರೆ, ಮರಗಟ್ಟಿದ್ದರೆ, ತಣ್ಣಗಾಗಿ ಬಿಳಿಚಿಕೊಂಡರೆ, ಚರ್ಮ ಒಡೆದಿದ್ದರೆ ಒಂದು ಗಂಟೆಯೂ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಮುರಿದಿಲ್ಲವೆಂದು ಗೊತ್ತಾದರೆ ಮೊದಲ ಎರಡು ಮೂರು ದಿನ ಕಾಲಿಗೆ ಭಾರ ಕಡಿಮೆ ಮಾಡಿರಿ. ಅಗಲವಾದ ಬಟ್ಟೆಯ ಪಟ್ಟಿಯನ್ನು ಬೆರಳ ಬುಡದಿಂದ ಮೇಲಕ್ಕೆ ಹದವಾಗಿ ಸುತ್ತಿರಿ. ಬೆರಳು ಜೋಮು ಹಿಡಿದರೆ ಸಡಿಲಿಸಿರಿ. ಮಲಗುವಾಗ ಕಾಲಡಿಗೆ ಕಂಬಳಿಯ ಮಡಿಕೆಯಿಟ್ಟು ಎದೆಗಿಂತ ಎತ್ತರಿಸಿರಿ. ತಣ್ಣೀರಿನ ಬಟ್ಟೆ ನೋವನ್ನು ತಗ್ಗಿಸುತ್ತದೆ. ಈ ದಿನಗಳಲ್ಲಿ ಬಿಸಿ ಶಾಖ ಬೇಡ, ಎಣ್ಣೆ ಹಚ್ಚಿ ಜೋರಾಗಿ ತಿಕ್ಕುವುದಂತೂ ಬೇಡವೇ ಬೇಡ. ಹರಿದ ನಾರನ್ನು ತಿಕ್ಕಿದರೆ ಒಳಗಿನ ರಕ್ತಸ್ರಾವ ಹೆಚ್ಚುತ್ತದೆ. ಎಣ್ಣೆ ತಿಕ್ಕುವ ಅಜ್ಜಿಯ ಪ್ರೀತಿಗೆ ನಮ್ಮ ಗೌರವವಿದೆ. ಆ ಪ್ರೀತಿಯನ್ನು ಆಕೆ ಮೂರು ದಿನ ಕಾಯುವುದರಲ್ಲಿ ತೋರಿಸಲಿ.

ಮುಖ್ಯವಾದದ್ದು ಆಮೇಲಿನ ಕೆಲಸ. ಸಾಧಾರಣ ಉಳುಕಿಗೆ ವಾರಗಟ್ಟಲೆ ಹಿಟ್ಟುಕಟ್ಟು ಹಾಕಿ ಕೂರಿಸುವುದಕ್ಕಿಂತ, ಪಟ್ಟಿಯ ಆಧಾರದಲ್ಲಿ ಬೇಗನೆ ಅಲುಗಾಡಿಸಲು ತೊಡಗುವುದು ಮೇಲೆಂದು ಈಗ ತಿಳಿದುಬಂದಿದೆ. ತೀರ ಜೋರಾದ ಗಾಯಕ್ಕೆ ಡಾಕ್ಟರರು ಕೆಲವು ದಿನ ಕಟ್ಟು ಹಾಕಬಹುದು. ನೋವು ಇಳಿಯುತ್ತಿದ್ದಂತೆ ಕುಳಿತುಕೊಂಡು ಹೆಬ್ಬೆರಳಿನಿಂದ ಗಾಳಿಯಲ್ಲಿ ಅ ಆ ಇ ಈ ಬರೆಯಿರಿ. ಅಕ್ಷರಮಾಲೆ ಮುಗಿಯುವಷ್ಟರಲ್ಲಿ ಕೀಲು ಎಲ್ಲ ದಿಕ್ಕಿಗೂ ತಿರುಗಿರುತ್ತದೆ. ಬಳಿಕ ಹಳೆಯ ಸೈಕಲ್ ಟ್ಯೂಬಿನ ತುಂಡನ್ನು ಮಂಚದ ಕಾಲಿಗೂ ಪಾದಕ್ಕೂ ಸಿಕ್ಕಿಸಿ, ಪಾದವನ್ನು ಹೊರಕ್ಕೆ ನಿಧಾನವಾಗಿ ಎಳೆಯಿರಿ. ಹೊರಮಗ್ಗುಲಿನ ಸ್ನಾಯುಗಳಿಗೆ ಇದರಿಂದ ಬಲ ಬರುತ್ತದೆ. ಗೋಡೆ ಹಿಡಿದು ಹಿಮ್ಮಡಿ ಎತ್ತಿ ಇಳಿಸಿರಿ. ಕೊನೆಗೆ, ಗೋಡೆಯ ಪಕ್ಕದಲ್ಲಿ ಪೆಟ್ಟಾದ ಕಾಲೊಂದರ ಮೇಲೆಯೇ ಅರ್ಧ ನಿಮಿಷ ನಿಲ್ಲುವುದನ್ನು ಕಲಿಯಿರಿ. ಅದು ಸುಲಭವಾದಾಗ ಕಣ್ಣು ಮುಚ್ಚಿ ನಿಲ್ಲಿರಿ. ಹಲ್ಲುಜ್ಜುವ ಹೊತ್ತಿನಲ್ಲೇ ಇದನ್ನು ಮಾಡಬಹುದು, ಕಾಸಿನ ಖರ್ಚಿಲ್ಲ. ಸುದ್ದಿ ಮುಟ್ಟಿಸುವ ನರಗಳಿಗೆ ಮತ್ತೆ ಪಾಠ ಹೇಳಿಸುವುದೆಂದರೆ ಇದೇ. ನೋವು ಹೋದ ದಿನ ನಿಲ್ಲಿಸದೆ ಎರಡು ಮೂರು ತಿಂಗಳು ನಡೆಸಬೇಕು. ಇಂಥ ಅಭ್ಯಾಸ ಮಾಡಿದವರಲ್ಲಿ ಮರು ಉಳುಕು ಕಡಿಮೆಯಾಗುತ್ತದೆಂದು ಹಲವು ಅಧ್ಯಯನಗಳು ತೋರಿಸಿವೆ.

ಮೂರು ತಿಂಗಳಾದರೂ ಕಾಲು ತಪ್ಪಿದಂತಾಗುತ್ತಿದ್ದರೆ, ಬಾವು ಇಳಿಯದಿದ್ದರೆ, ಕೀಲು ನಡುವೆ ಸಿಕ್ಕಿಕೊಂಡಂತಾದರೆ ಮೂಳೆತಜ್ಞರಿಗೆ ತೋರಿಸಿರಿ. ಸಡಿಲವಾದ ನಾರನ್ನು ಬಿಗಿಗೊಳಿಸುವ ಶಸ್ತ್ರಕ್ರಿಯೆಯನ್ನು ಸ್ವೀಡನ್ನಿನ ಬ್ರೋಸ್ಟ್ರಮ್ ಎಂಬವರು 1966ರಲ್ಲೇ ವಿವರಿಸಿದರು. ವ್ಯಾಯಾಮದಿಂದ ಸರಿಹೋಗದ ಕೆಲವರಿಗೆ ಅದು ಬೇಕಾಗುತ್ತದೆ.

ಎರಡನೆಯ ದಿನವೇ ಕೆಲಸಕ್ಕೆ ಹೋಗುವುದೇಕೆ?

“ಬಾವು ಇದ್ದರೂ ಒಂದು ದಿನ ತಪ್ಪಿಸಲಿಲ್ಲ, ಗಟ್ಟಿಗಿತ್ತಿ” ಎಂದು ಹೊಗಳುವ ರೂಢಿ ಲೈನುಗಳಲ್ಲಿದೆ. ಆ ಹೊಗಳಿಕೆಯ ಹಿಂದೆ ಇರುವುದು ಗಟ್ಟಿತನಕ್ಕಿಂತ ಹೆಚ್ಚಾಗಿ ದಿನಗೂಲಿ. ಹೆಸರು ಬೀಳದ ದಿನಕ್ಕೆ ಕೂಲಿಯಿಲ್ಲ, ಹೆಚ್ಚಿನ ಎಲೆಗೆ ಸಿಗುವ ಕಾಸೂ ಇಲ್ಲ. ಹೆಚ್ಚು ಎಲೆ ಸಿಗುವ ತಿಂಗಳಲ್ಲೇ ಹಾದಿ ಹೆಚ್ಚು ಜಾರುತ್ತದೆ. ಮನೆಯಲ್ಲಿ ರೇಷನ್, ಮಕ್ಕಳ ಫೀಸು, ಸಾಲದ ಕಂತು. ಹೀಗಿರುವಾಗ “ವಿಶ್ರಾಂತಿ ತೆಗೆದುಕೊಳ್ಳಿರಿ” ಎಂದು ಬರೆದುಬಿಡುವುದು ನಮಗೆ ಸುಲಭ, ಓದುವವರಿಗೆ ಕಷ್ಟ. ಅದು ನಮಗೆ ತಿಳಿದಿದೆ. ಆದ್ದರಿಂದಲೇ ಇದು ಬರಿಯ ಆರೋಗ್ಯದ ಪಾಠವಲ್ಲ, ಕೂಲಿಯ ಪ್ರಶ್ನೆಯೂ ಹೌದೆನ್ನುತ್ತೇವೆ.

ಆಡಳಿತದವರ ಮಾತೂ ಒಂದಿದೆ, ಅದನ್ನೂ ಕೇಳೋಣ. “ಉಳುಕಿಗೆಲ್ಲ ರಜೆ ಕೊಟ್ಟರೆ ನಾಳೆ ಅರ್ಧ ತೋಟ ಕುಂಟುತ್ತದೆ” ಎನ್ನುತ್ತಾರೆ. ಸುಳ್ಳು ಹೇಳಿ ರಜೆ ಪಡೆಯುವವರು ಎಲ್ಲಿಯೂ ಇರುತ್ತಾರೆ, ನಮ್ಮಲ್ಲಿಯೂ ಇದ್ದಾರು. ಆದರೆ ಬಾವು ಮತ್ತು ನೀಲಿಗಟ್ಟಿದ ಚರ್ಮ ಕಣ್ಣಿಗೆ ಕಾಣುವ ಸಾಕ್ಷಿಗಳು. ಅವನ್ನು ನೋಡಿ ಬರೆಯಲು ಡಿಸ್ಪೆನ್ಸರಿಯವರಿಗೆ ಐದು ನಿಮಿಷ ಸಾಕು. ಇನ್ನು, ರಜೆ ಎಂದರೆ ತಿಂಗಳುಗಟ್ಟಲೆ ಮನೆಯಲ್ಲಿ ಕೂರುವುದೆಂದೂ ಅಲ್ಲ. ಕೆಲವು ದಿನ ಪೂರ್ತಿ ವಿಶ್ರಾಂತಿ, ಆಮೇಲೆ ಕೆಲವು ವಾರ ನರ್ಸರಿಯಲ್ಲಿ ಚೀಲಕ್ಕೆ ಮಣ್ಣು ತುಂಬುವುದು, ಶೆಡ್ಡಿನಲ್ಲಿ ಎಲೆ ಆರಿಸುವುದು, ಸಮನೆಲದ ಹತ್ತಿರದ ಸಾಲುಗಳನ್ನು ಕೊಡುವುದು, ಇವು ಯಾವ ತೋಟಕ್ಕೂ ಅಸಾಧ್ಯವಲ್ಲ. ಮೂರು ವಾರ ಹಗುರ ಕೆಲಸ ಕೊಟ್ಟು ನುರಿತ ಕೈಯೊಂದನ್ನು ಇಪ್ಪತ್ತು ವರುಷ ಉಳಿಸಿಕೊಳ್ಳುವುದು ತೋಟಕ್ಕೂ ಲಾಭವೇ.

ಬರೆದಿಡುವುದು ಏಕೆ?

ಕೆಲಸದಲ್ಲಿ ಪೆಟ್ಟಾದವರಿಗೆ ಪರಿಹಾರ ಕೊಡಬೇಕೆಂಬ ಕಾಯಿದೆ ನಮ್ಮ ದೇಶದಲ್ಲಿ 1923ರಿಂದ ಇತ್ತು. ತೋಟ ಕಾರ್ಮಿಕರ 1951ರ ಕಾಯಿದೆ ಆಸ್ಪತ್ರೆಯ ಸೌಕರ್ಯವನ್ನೂ ಕಾಯಿಲೆಯ ಭತ್ಯೆಯನ್ನೂ ಹೇಳಿತ್ತು. ಇವೆರಡರ ಜಾಗದಲ್ಲಿ 2020ರ ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದಿವೆ. ಹಳೆಯದರಲ್ಲಿದ್ದ ಒಂದು ಷರತ್ತು ಹೊಸದರಲ್ಲೂ ಇದೆ: ಪೆಟ್ಟಿನಿಂದ ಮೂರು ದಿನಕ್ಕಿಂತ ಹೆಚ್ಚು ಕಾಲ ಕೆಲಸ ಮಾಡಲಾಗದೆ ಹೋದರೆ ಮಾತ್ರ ಪರಿಹಾರದ ಹೊಣೆ ಮಾಲೀಕರ ಮೇಲೆ ಬೀಳುತ್ತದೆ. ಎರಡನೆಯ ದಿನವೇ ಹಲ್ಲು ಕಚ್ಚಿ ಕೆಲಸಕ್ಕೆ ಇಳಿದವಳ ಹೆಸರು ಚೆಕ್‌ರೋಲಿನಲ್ಲಿ ಬಿದ್ದ ಕೂಡಲೇ, ಅವಳಿಗೆ ಪೆಟ್ಟಾಗಲೇ ಇಲ್ಲವೆಂದು ಕಾಗದ ಹೇಳುತ್ತದೆ.

ಮೂವತ್ತು ವರುಷದ ಮೇಲೆ ಅವಳ ಕೀಲು ಸವೆದಾಗ ಯಾವ ಡಾಕ್ಟರರು, ಯಾವ ಅಧಿಕಾರಿ ಅದನ್ನು ಇಂಥ ದಿನದ ಬೀಳುವಿಕೆಗೆ ಕಟ್ಟಿ ಹೇಳಬಲ್ಲರು? ಕಾಗದವಿದ್ದರೂ ಅದು ಸುಲಭವಲ್ಲ. ಕಾಗದವೇ ಇಲ್ಲದಿದ್ದರೆ ಮಾತೇ ಇಲ್ಲ. ಮೇಸ್ತ್ರಿ ಬದಲಾಗಿರುತ್ತಾರೆ, ಮ್ಯಾನೇಜರು ಹೋಗಿರುತ್ತಾರೆ, ತೋಟದ ಒಡೆತನವೇ ಕೈ ಬದಲಾಯಿಸಿರಬಹುದು. ನೋಡಿದವರ ನೆನಪು ಮಾಸಿರುತ್ತದೆ. ಉಳಿಯುವುದು ಬರೆದದ್ದು ಮಾತ್ರ.

ಬರೆದದ್ದಕ್ಕೆ ಇನ್ನೂ ಹತ್ತಿರದ ಪ್ರಯೋಜನವೂ ಉಂಟು. ಒಂದೇ ಕಾಲುದಾರಿಯಲ್ಲಿ ಒಂದು ಮಳೆಗಾಲದಲ್ಲಿ ಐದು ಮಂದಿ ಬಿದ್ದರೆಂದು ಪುಸ್ತಕ ತೋರಿಸಿದರೆ, ಅಲ್ಲಿ ನಾಲ್ಕು ಮೆಟ್ಟಿಲು ಕಡಿಸಿರಿ, ಚರಂಡಿಯ ಮೇಲೆ ಹಲಗೆ ಹಾಕಿಸಿರಿ, ಹಿಡಿದುಕೊಳ್ಳಲು ಹಗ್ಗ ಕಟ್ಟಿಸಿರಿ ಎಂದು ಕೇಳಲು ಆಧಾರ ಸಿಗುತ್ತದೆ. “ಎಲ್ಲರೂ ಬೀಳುತ್ತಾರೆ” ಎಂಬ ಗೊಣಗಾಟಕ್ಕೆ ಕಿವಿಗೊಡದವರು ತಾರೀಖು, ಹೆಸರು, ಸಾಲಿನ ನಂಬರು ಕಂಡಾಗ ಉತ್ತರ ಹೇಳಬೇಕಾಗುತ್ತದೆ. ಪಾದರಕ್ಷೆಯ ಮಾತೂ ಹಾಗೆಯೇ. ಅಡಿ ಸವೆದ ಹವಾಯಿ ಚಪ್ಪಲಿಯಲ್ಲಿ ಹಸಿ ಓರೆಯಲ್ಲಿ ನಡೆಯುವುದು ಅಪಾಯ. ಅಳತೆಗೆ ಸರಿಯಾಗದ ದೊಡ್ಡ ಗಮ್‌ಬೂಟೂ ಅಪಾಯವೇ. ಅಡಿಯಲ್ಲಿ ಹಲ್ಲುಹಲ್ಲಾದ ಹಿಡಿತವಿರುವ, ಹಿಮ್ಮಡಿ ಅಲುಗದ, ಅವರವರ ಅಳತೆಯ ಬೂಟು ಬೇಕು.

ಬರೆಯಬೇಕಾದದ್ದು ಇಷ್ಟೇ: ಬಿದ್ದ ತಾರೀಖು ಮತ್ತು ಹೊತ್ತು, ಯಾವ ಸಾಲು, ಯಾವ ದಾರಿ, ಆಗ ಮಾಡುತ್ತಿದ್ದ ಕೆಲಸ, ಹೊತ್ತಿದ್ದ ಭಾರ, ಎಡಗಾಲೋ ಬಲಗಾಲೋ, ನೋಡಿದವರ ಹೆಸರು, ಯಾರಿಗೆ ತಿಳಿಸಲಾಯಿತು, ಡಿಸ್ಪೆನ್ಸರಿಯಲ್ಲಿ ಏನು ಹೇಳಿದರು, ಎಷ್ಟು ದಿನ ಕೆಲಸಕ್ಕೆ ಹೋಗಲಾಗಲಿಲ್ಲ. ತೋಟದ ಪುಸ್ತಕದಲ್ಲಿ ಬರೆಯಿಸಲು ಅದೇ ದಿನ ಕೇಳಿರಿ. ಡಿಸ್ಪೆನ್ಸರಿಯ ಚೀಟಿಯನ್ನು ಹರಿಯಬೇಡಿರಿ. ಅದರಲ್ಲಿ “ಕಾಲುನೋವು” ಎಂದಷ್ಟೇ ಇದ್ದರೆ “ಕೆಲಸದಲ್ಲಿ ಜಾರಿ ಬಿದ್ದು” ಎಂಬ ಮಾತನ್ನು ವಿನಯದಿಂದ ಕೇಳಿ ಸೇರಿಸಿಕೊಳ್ಳಿರಿ. ಮನೆಯಲ್ಲಿ ಶಾಲೆಗೆ ಹೋಗುವ ಮಗುವಿದ್ದರೆ ಒಂದು ನೋಟುಪುಸ್ತಕದಲ್ಲಿ ಬರೆದಿಡಲಿ. ಮಕ್ಕಳಿಗೆ ಮಲಯಾಳವೋ ತಮಿಳೋ ಶಾಲೆಯ ಭಾಷೆಯಾಗಿದ್ದರೆ ಅದರಲ್ಲೇ ಬರೆಯಲಿ, ಅಡ್ಡಿಯಿಲ್ಲ. ಆಫೀಸಿನಲ್ಲಿ ಓದಿಸಲು ಅದೇ ಅನುಕೂಲ. ಲೈನಿಗೊಂದು ಇಂಥ ಪುಸ್ತಕವನ್ನು ಯೂನಿಯನ್ನಿನವರೋ ಸಹೋದರಿಯರ ಕೂಟದವರೋ ಇಟ್ಟರೆ ಇನ್ನೂ ಒಳಿತು.

ಈಗಾಗಲೇ ಸವೆದವರಿಗೆ

ಹಿರಿಯರಲ್ಲಿ ಅನೇಕರ ಕೀಲು ಈಗಾಗಲೇ ಸವೆದಿದೆ. ಅವರಿಗೆ “ಆಗಲೇ ನೋಡಿಕೊಳ್ಳಬೇಕಿತ್ತು” ಎಂದು ಹೇಳುವುದು ಕ್ರೂರತನ. ಅವರ ನೋವಿಗೆ ಮಾಡಬಹುದಾದದ್ದು ಬಹಳ ಇದೆ. ಮೊದಲು, ಅದು ಯಾವ ಸಂಧಿವಾತವೆಂದು ಡಾಕ್ಟರರಿಗೆ ತೋರಿಸಿರಿ. ಎರಡೂ ಕೈಗಳ ಬೆರಳುಗಳ ಕೀಲುಗಳು ಊದಿ, ಬೆಳಗಿನ ಬಿಗಿತ ಒಂದು ಗಂಟೆ ಬಿಡದಿದ್ದರೆ ಅದು ಬೇರೆ ರೋಗವಿರಬಹುದು, ಅದಕ್ಕೆ ಬೇರೆ ಔಷಧಿ ಬೇಕು. ಹಳೆಯ ಪೆಟ್ಟಿನ ಸವೆತವಾದರೆ ಹಿಮ್ಮಡಿ ಹಿಡಿದಿಡುವ ಬೂಟು, ಹರಡಿನ ಪಟ್ಟಿ, ಎದುರು ಕೈಯಲ್ಲಿ ಊರುಗೋಲು, ಹದವಾದ ವ್ಯಾಯಾಮ, ತೂಕ ಹೆಚ್ಚಿದ್ದರೆ ಇಳಿಸುವುದು, ಇವು ನೆರವಾಗುತ್ತವೆ. ಅಂಗಡಿಯಲ್ಲಿ ಕೇಳಿ ತಂದ ನೋವಿನ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗಬೇಡಿರಿ. ಐಬುಪ್ರೊಫೆನ್, ಡೈಕ್ಲೊಫೆನಾಕ್ ಮುಂತಾದವು ಹೊಟ್ಟೆಯಲ್ಲಿ ಹುಣ್ಣು ತರಬಹುದು, ಮೂತ್ರಪಿಂಡವನ್ನು ಕೆಡಿಸಬಹುದು. ತೀರ ಕೆಟ್ಟ ಕೀಲನ್ನು ಬೆಸೆದು ನೋವನ್ನು ನಿಲ್ಲಿಸುವ, ಇಲ್ಲವೇ ಕೃತಕ ಕೀಲು ಕೂರಿಸುವ ಶಸ್ತ್ರಕ್ರಿಯೆಗಳಿವೆ. ಬೆಸೆದರೆ ನೋವು ತಗ್ಗುತ್ತದೆ, ಆದರೆ ಆ ಕೀಲು ಮತ್ತೆ ಮಣಿಯುವುದಿಲ್ಲ. ಗುಡ್ಡ ಹತ್ತಿ ಇಳಿಯುವವರು ಇದನ್ನು ತಿಳಿದೇ ಒಪ್ಪಬೇಕು.

ಅಪೊಸ್ತಲರ ಕೃತ್ಯಗಳ ಮೂರನೆಯ ಅಧ್ಯಾಯದಲ್ಲಿ ದೇವಾಲಯದ ಬಾಗಿಲಲ್ಲಿ ಕೂತಿದ್ದ ಕುಂಟನ ಸಂಗತಿಯನ್ನು ಓದುವಾಗ, ಅವನ ಪಾದಗಳೊಂದಿಗೆ ಹರಡುಗಳನ್ನೂ ಬರೆದವನು ಬೇರೆಯಾಗಿ ಹೆಸರಿಸಿರುವುದನ್ನು ವಾಚಕರು ಗಮನಿಸಿರಬಹುದು. ಆ ಪುಸ್ತಕವನ್ನು ಬರೆದವನೆಂದು ಸಭೆ ನಂಬಿಕೊಂಡು ಬಂದಿರುವ ಲೂಕನು ವೈದ್ಯ. ಪೇತ್ರನು ಅವನ ಬಲಗೈ ಹಿಡಿದು ಎತ್ತಿದನೆಂಬುದನ್ನೂ ಆತ ಬಿಡದೆ ಬರೆದಿದ್ದಾನೆ. ಹರಡಿನ ಬಲಕ್ಕೂ ಹಿಡಿದೆತ್ತುವ ಕೈಗೂ ಸಂಬಂಧವಿದೆಯೆಂದು ನಾವು ಅದರಿಂದ ಕಲಿಯುತ್ತೇವೆ.

ನಮ್ಮ ನಡುವೆ ಆ ಕೈ ಹಲವು ರೂಪದಲ್ಲಿ ಬರಬೇಕಾಗಿದೆ. ಪಕ್ಕದ ಮನೆಯವರು ಮೂರು ದಿನ ನೀರು ಹೊತ್ತು ಕೊಡಲಿ. ಜೊತೆಗೆ ಎಲೆ ಕೀಳುವವಳು ಸಾಕ್ಷಿಯಾಗಿ ಹೆಸರು ಕೊಡಲು ಹಿಂಜರಿಯದಿರಲಿ. ಯೂನಿಯನ್ನಿನವರು ಬೋನಸ್ಸಿನ ಮಾತಿನ ಜೊತೆಗೆ ಹಗುರ ಕೆಲಸದ ಮಾತನ್ನೂ, ದಾರಿಯ ಮೆಟ್ಟಿಲಿನ ಮಾತನ್ನೂ ಮೇಜಿನ ಮೇಲಿಡಲಿ. ಮುಂದಿನ ಮಳೆಗಾಲಕ್ಕೆ ಮೊದಲು ಪ್ರತಿ ಕೂಟವೂ ಈ ವಿಷಯವನ್ನು ಒಂದು ಸಂಜೆ ಚರ್ಚಿಸಲಿ, ಎರಡು ರೂಲುಪಟ್ಟಿ ಪುಸ್ತಕ ಕೊಂಡಿಡಲಿ. ಒಂದು ಲೈನಿಗೆ, ಇನ್ನೊಂದು ಡಿಸ್ಪೆನ್ಸರಿಯಲ್ಲಿ ಬರೆಯಲು ಜಾಗವಿಲ್ಲವೆಂದು ಹೇಳಿದರೆ ಅಲ್ಲಿಗೆ ಕೊಡುವುದಕ್ಕೆ.